ನಾಲ್ಕೂ ಉತ್ತರ ಸರಿ ಅನಿಸಿದಾಗ ಯಾವುದಕ್ಕೆ ಟಿಕ್ ಹಾಕಬೇಕು?

ಪ್ರಶ್ನೆ: ನಾನು ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ‘ನರ್ಸ್ ಮೊದಲು ಏನು ಮಾಡಬೇಕು?’ ಅನ್ನುವ ಪ್ರಶ್ನೆಗಳಲ್ಲೇ ಜಾಸ್ತಿ ಮಾರ್ಕ್ಸ್ ಹೋಗುತ್ತಿದೆ. ನಾಲ್ಕೂ ಸರಿ ಅನಿಸುತ್ತದೆ. ಏನು ಮಾಡಲಿ?

ಉತ್ತರ: ಎಷ್ಟೋ ಸಲ ನಾಲ್ಕೂ ಮಾಡಲೇಬೇಕಾದ ಕೆಲಸಗಳೇ ಆಗಿರುತ್ತವೆ. ಅಲ್ಲಿ ಕೇಳುತ್ತಿರುವುದು ಯಾವುದು ಮುಂಚೆ ಅಂತ ಅಷ್ಟೇ. ‘ಮೊದಲು ಅಸೆಸ್‌ಮೆಂಟ್’, ಅಂದರೆ ಮೊದಲು ರೋಗಿಯ ಸ್ಥಿತಿ ಕೇಳಿ, ನೋಡಿ ತಿಳಿಯಬೇಕು ಅಂತ ಕ್ಲಾಸಿನಲ್ಲಿ ಕಲಿತಿದ್ದೀರಿ, ಅಲ್ವಾ? ಅದನ್ನೇ ಕಣ್ಮುಚ್ಚಿ ಎಲ್ಲ ಕಡೆ ಹಾಕಿದರೆ ಎಡವುತ್ತೀರಿ. ಅಸೆಸ್‌ಮೆಂಟ್ ಪ್ರಶ್ನೆಯಲ್ಲೇ ಮುಗಿದಿದೆಯಾ, ಅದನ್ನು ನೋಡಿ.

ರಕ್ತ ಏರಿಸಲು ಶುರು ಮಾಡಿ ಹತ್ತು ನಿಮಿಷ ಆಗಿದೆ. ರೋಗಿ ಗಡಗಡ ನಡುಗುತ್ತಿದ್ದಾರೆ, ‘ಸಿಸ್ಟರ್, ಸೊಂಟ ನೋಯ್ತಿದೆ’ ಅನ್ನುತ್ತಾರೆ. ಆಯ್ಕೆಗಳು: ಡಾಕ್ಟರಿಗೆ ತಿಳಿಸುವುದು, ಜ್ವರ ನೋಡುವುದು, ವೇಗ ಕಡಿಮೆ ಮಾಡುವುದು, ರಕ್ತ ನಿಲ್ಲಿಸುವುದು. ಏರಿಸುತ್ತಿರುವ ರಕ್ತ ಮೈಗೆ ಒಗ್ಗುತ್ತಿಲ್ಲ ಅನ್ನುವ ಲಕ್ಷಣ ಪ್ರಶ್ನೆಯಲ್ಲೇ ಇದೆ, ಅಂದರೆ ಅಸೆಸ್‌ಮೆಂಟ್ ಮುಗಿದಿದೆ. ಡಾಕ್ಟರಿಗೆ ಫೋನ್ ಮಾಡುವಷ್ಟರಲ್ಲಿ ಇನ್ನಷ್ಟು ರಕ್ತ ಒಳಗೆ ಹೋಗುತ್ತದೆ. ಆದ್ದರಿಂದ ಮೊದಲು ನಿಲ್ಲಿಸಬೇಕು. ಆಮೇಲೆ ಹೊಸ ಸೆಟ್ ಹಾಕಿ ನಾರ್ಮಲ್ ಸಲೈನ್ ಬಿಡಬೇಕು. ಹಳೇ ಸೆಟ್‌ನಲ್ಲೇ ಬಿಟ್ಟರೆ ಟ್ಯೂಬಿನಲ್ಲಿ ಉಳಿದ ರಕ್ತವನ್ನೂ ನೀವೇ ಒಳಗೆ ತಳ್ಳಿದಂತಾಯಿತು! ಬಿ.ಪಿ., ಪಲ್ಸ್, ಡಾಕ್ಟರ್, ಬ್ಲಡ್ ಬ್ಯಾಂಕಿಗೆ ಬ್ಯಾಗ್ ವಾಪಸ್, ಎಲ್ಲ ಆಮೇಲೆ.

ಈಗ ಇನ್ನೊಂದು. ಆಪರೇಷನ್ ಆಗಿ ಎರಡನೇ ದಿನ. ರೋಗಿ ‘ನೋವು, ಇಂಜೆಕ್ಷನ್ ಕೊಡಿ’ ಅನ್ನುತ್ತಾರೆ. ಎಲ್ಲಿ ನೋವು, ಎಷ್ಟು ನೋವು, ಪ್ರಶ್ನೆಯಲ್ಲಿ ಇಲ್ಲ. ಹಾಗಾಗಿ ಮೊದಲು ಕೇಳಬೇಕು, ನೋಡಬೇಕು. ಗಾಯದ ಜಾಗ ಬಿಟ್ಟು ಮೀನಖಂಡ ನೋಯುತ್ತಿದ್ದರೆ? ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಸುಮ್ನೆ ಇಂಜೆಕ್ಷನ್ ಕೊಟ್ಟರೆ ಆ ಸುಳಿವು ಮುಚ್ಚಿಹೋಗುತ್ತದೆ.

‘ನಾಲ್ವರಲ್ಲಿ ಯಾರ ಹತ್ತಿರ ಮೊದಲು ಹೋಗುತ್ತೀರಿ?’ ಅಂತ ಕೇಳಿದರೆ ಶ್ವಾಸನಾಳ, ಉಸಿರಾಟ, ರಕ್ತಸಂಚಾರ, ಇದೇ ಕ್ರಮ. ಇಲ್ಲಿ ನನಗೆ ತುಂಬ ಇಷ್ಟವಾದ ಬಲೆಯೊಂದಿದೆ. ಒಬ್ಬರು ಕಾಲು ಮುರಿದು ಕಿರುಚುತ್ತಿದ್ದಾರೆ. ಪಕ್ಕದ ಬೆಡ್‌ನಲ್ಲಿ ಅಸ್ತಮಾ ರೋಗಿ. ಬೆಳಿಗ್ಗೆಯಿಂದ ಸುಯ್ ಸುಯ್ ಅನ್ನುತ್ತಿದ್ದ ಎದೆಯಲ್ಲಿ ಈಗ ಸದ್ದಿಲ್ಲ, ಅವರಿಗೆ ಮಂಪರು ಬೇರೆ. ‘ಪಾಪ, ಕಡಿಮೆಯಾಗಿರಬೇಕು’ ಅನಿಸುತ್ತದೆ. ಆದರೆ ಸದ್ದು ಬರಲೂ ಗಾಳಿ ಆಡಬೇಕಲ್ಲ! ಓಡಬೇಕಾದದ್ದು ಆ ಬೆಡ್‌ಗೇ.