ಕೈ ಸುಟ್ಟುಕೊಂಡರೆ ಹಿಂದೆ ಯಾರಿದ್ದಾರೆ?

ಬೆಂಗಳೂರಲ್ಲಿ ಯಾರಾದರೂ ಕಂಪನಿ ಕಟ್ಟಿ ಗೆದ್ದರೆ ಅವರ ಐಡಿಯಾ, ಛಲದ ಬಗ್ಗೆಯೇ ಮಾತು. ಕೈ ಸುಟ್ಟುಕೊಂಡಿದ್ದರೆ ಮನೆ ಬಾಡಿಗೆ ಯಾರು ಕಟ್ಟುತ್ತಿದ್ದರು ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದನ್ನೇ.

ಹೋಟೆಲುಗಳನ್ನೇ ನೋಡಿ. ಕೋಟದ ಕಡೆಯ ಮಯ್ಯ ಸಹೋದರರು 1924ರಲ್ಲಿ ಇಟ್ಟ ಚಿಕ್ಕ ಹೋಟೆಲೇ ಮುಂದೆ ಎಂ.ಟಿ.ಆರ್. ಆಯಿತು. ಆಮೇಲೆ ಎಷ್ಟೋ ಹುಡುಗರು ಕರಾವಳಿಯಿಂದ ಬಸ್ಸು ಹತ್ತಿ ಬಂದು ಊರಿನವರ ಹೋಟೆಲಲ್ಲೇ ಲೋಟ ತೊಳೆದರು, ಸಪ್ಲೈಯರ್ ಆದರು, ಗಲ್ಲಾದಲ್ಲಿ ಕೂತರು. ಊಟ, ಮಲಗುವ ಜಾಗ ಎರಡೂ ಅಲ್ಲೇ. ಸ್ವಂತ ಹೋಟೆಲ್ ಇಡುವ ಹೊತ್ತಿಗೆ ದಿನಸಿ ಯಾರ ಹತ್ತಿರ ಉದ್ರಿ ಸಿಗುತ್ತದೆ ಅಂತ ಗೊತ್ತಿರುತ್ತಿತ್ತು. ಆದರೆ ಆ ಕಾಲದ ಬ್ರಾಹ್ಮಣರ ಹೋಟೆಲಿನ ಅಡುಗೆಮನೆಗೆ ದಲಿತ ಹುಡುಗ ಕಾಲಿಡುವಂತಿರಲಿಲ್ಲ. ಅಂದರೆ ಕೆಲಸ ಕಲಿಯುವ ಬಾಗಿಲೇ ಮುಚ್ಚಿತ್ತು ಅಲ್ವಾ?

ಚಿಕ್ಕಪೇಟೆ ಬಟ್ಟೆ ವ್ಯಾಪಾರವೂ ಹೀಗೇ. ‘ನಮ್ಮ ಹುಡುಗ, ಮಾಲು ಕೊಡಿ’ ಅನ್ನುವ ಒಂದು ಫೋನ್ ಸಾಕು, ಸೀರೆ ಗಂಟು ಅಂಗಡಿಗೆ ಬರುತ್ತದೆ. ದುಡ್ಡು ಕೊಡುವುದು ಮಾಲು ಮಾರಿದ ಮೇಲೆ.

ವಿಮಾನದ ಎಚ್‌ಎಎಲ್ (1940), ಟೆಲಿಫೋನಿನ ಐಟಿಐ (1948), ಎಲೆಕ್ಟ್ರಾನಿಕ್ಸ್‌ನ ಬಿಇಎಲ್ (1954) ಕಾರ್ಖಾನೆಗಳು ಬಂದಾಗ ಇನ್ನೊಂದು ಆಸರೆ ಹುಟ್ಟಿತು: ತಿಂಗಳ ಸಂಬಳ, ಕ್ವಾರ್ಟರ್ಸ್, ಮಕ್ಕಳಿಗೆ ಒಳ್ಳೆ ಶಾಲೆ. ವ್ಯಾಪಾರದ ಮನೆತನ ಇಲ್ಲದಿದ್ದರೂ ಓದಿನ ಬಲದಲ್ಲಿ ಉದ್ಯಮಕ್ಕೆ ಇಳಿಯುವ ಕಾಲ ಅದು. ಮೇಷ್ಟ್ರ ಮಗ ನಾರಾಯಣ ಮೂರ್ತಿ 1981ರಲ್ಲಿ ಗೆಳೆಯರ ಜೊತೆ ಇನ್ಫೋಸಿಸ್ ಶುರು ಮಾಡಿದಾಗ ಹೆಂಡತಿ ಸುಧಾ ಕೂಡಿಟ್ಟಿದ್ದ 10,000 ರೂಪಾಯಿ ಕೈಗೆ ಬಂತು. ಕಿರಣ್ ಮಜುಂದಾರ್ ಅವರ ತಂದೆ ಯುನೈಟೆಡ್ ಬ್ರೂವರೀಸ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಆದರೂ 1978ರಲ್ಲಿ ಕಿರಣ್ ತಮ್ಮ ಹೊಸ ಕಂಪನಿ ಬಯೋಕಾನ್‌ಗೆ ಸಾಲ ಕೇಳಿದರೆ ಹೆಣ್ಣುಮಗಳು ಅಂತ ಬ್ಯಾಂಕಿನವರು ಹಿಂದೇಟು ಹಾಕಿದರು.

ಇದ್ಯಾವುದೂ ಇಲ್ಲದವರು? ದೇಶದಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ. 16ರಷ್ಟಿದ್ದರೂ, 2005ರ ಆರ್ಥಿಕ ಗಣತಿಯಲ್ಲಿ ಅವರ ಒಡೆತನದ ಉದ್ದಿಮೆಗಳು ಶೇ. 10ನ್ನೂ ಮುಟ್ಟಿರಲಿಲ್ಲ. ಅಡವಿಡಲು ಜಮೀನಿಲ್ಲ, ಜಾಮೀನು ಹಾಕುವ ಮಾವನೂ ಇಲ್ಲ. 2016ರ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯಲ್ಲಿ 10 ಲಕ್ಷದಿಂದ 1 ಕೋಟಿವರೆಗೆ ಸಾಲಕ್ಕೆ ದಾರಿಯಾಯಿತು, ಸಂತೋಷ. ಆದರೆ ಸಾಲ ತಂದು ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಹಿಡಿದವರಿಗೆ ಆರ್ಡರ್ ಬೇಕು. ಮಾಲು ಕಳಿಸಿ ದುಡ್ಡಿಗೆ ಕಾಯುವಾಗ ಕರೆಂಟ್ ಬಿಲ್ಲು, ಕೆಲಸದವರ ಸಂಬಳ ಕಾಯುವುದಿಲ್ಲ. ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ಖರೀದಿಯಲ್ಲಿ ಶೇ. 4ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರ ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು ಅನ್ನುವ ನೀತಿ 2012ರಿಂದ ಇದೆ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅನ್ನುವ ಕಾನೂನು 2006ರದ್ದು. ಮೊದಲು ಇವೆರಡೂ ಸರಿಯಾಗಿ ಜಾರಿಯಾಗಲಿ.