ಗುಳಿಗಿ ಕೊಡುವ ಮೊದಲು ನೋಡಬೇಕಾದ್ದು

ಗದಗ, ಹಾವೇರಿ ಕಡೆಯಿಂದ ಬಸ್ಸಿನಲ್ಲಿ ಬಂದು ಹುಬ್ಬಳ್ಳಿಯ ಕಿಮ್ಸ್‌ (ಈಗ ಕೆಎಂಸಿಆರ್‌ಐ) ಆಸ್ಪತ್ರೆಯ ಮೆಟ್ಟಿಲು ಹತ್ತಿದವರ ತೋಳಿಗೆ ಕೂಡಲೇ ಬಿಪಿ ಪಟ್ಟಿ ಕಟ್ಟಿದರೆ, ಬರುವ ಅಂಕಿಯಲ್ಲಿ ಆ ಏದುಸಿರಿನ ಪಾಲೂ ಸೇರಿರುತ್ತದೆ. ಅದನ್ನೇ ನಂಬಿ ಗುಳಿಗಿ ಹೆಚ್ಚಿಸಿದರೆ ಊರಿಗೆ ಮರಳಿದ ಮೇಲೆ ಅಜ್ಜ ತಲೆ ತಿರುಗಿ ಬೀಳಬಹುದು.

ಮೊದಲು 5 ನಿಮಿಷ ಕೂಡ್ರಿಸಬೇಕು. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ತಾಗಲಿ, ಮಾತು ಬೇಡ. ಹಿಂದಿನ ಅರ್ಧ ತಾಸಿನಲ್ಲಿ ಚಹಾ, ತಂಬಾಕು ತಗೊಂಡಿರಬಾರದು; ಮೂತ್ರಕ್ಕೆ ಹೋಗಿ ಬಂದಿರಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. 10 ಸೆಂಟಿಮೀಟರ್ ಕೆಳಗೆ ಜೋತುಬಿದ್ದರೂ ಅಂಕಿ ಸುಮಾರು 8ರಷ್ಟು ಏರುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಹೆಚ್ಚೇ ತೋರಿಸುತ್ತದೆ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಬರೆದಿಡಬೇಕು.

ಹೃದಯದ ಬಡಿತ ನಿಧಾನಿಸುವ ಮೆಟೊಪ್ರೊಲಾಲ್, ಅಟೆನೊಲಾಲ್ ತಗೊಳ್ಳುವವರ ನಾಡಿ ಎಣಿಸದೆ ಗುಳಿಗಿ ಕೊಡಬಾರದು. ನಿಮಿಷಕ್ಕೆ 60ಕ್ಕಿಂತ ಕಡಿಮೆ ಇದ್ದರೆ ಮೊದಲು ವೈದ್ಯರಿಗೆ ತಿಳಿಸುವುದು ವಾರ್ಡಿನ ರೂಢಿ. ಕೆಲವರಿಗೆ ವೈದ್ಯರೇ ಬೇರೆ ಮಿತಿ ಬರೆದಿರುತ್ತಾರೆ. ಹೃದಯಕ್ಕೆ ಬಲ ಕೊಡುವ ಡಿಗಾಕ್ಸಿನ್ ಇದ್ದರೆ ಮಣಿಕಟ್ಟಿನ ನಾಡಿ ಸಾಲದು. ಬಡಿತ ಏರುಪೇರಾದಾಗ ಕೆಲವು ಬಡಿತ ಕೈವರೆಗೆ ಮುಟ್ಟುವುದೇ ಇಲ್ಲ, ಹಾಗಾಗಿ ಎಡ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಊಟ ಸೇರದೆ ವಾಕರಿಕೆ ಬಂದು, ಕಣ್ಣಿಗೆಲ್ಲ ಹಳದಿ ಕಂಡರೆ ಔಷಧ ಮೈಯಲ್ಲಿ ಹೆಚ್ಚಾಗಿರಬಹುದು. ಜೊತೆಗೆ ಮೂತ್ರ ಹೆಚ್ಚಿಸುವ ಲಾಸಿಕ್ಸ್ ಇದ್ದರೆ ಎಚ್ಚರ ಇನ್ನೂ ಬೇಕು: ಅದು ಮೂತ್ರದಲ್ಲಿ ಪೊಟ್ಯಾಶಿಯಂ ಕಳೆಯುತ್ತದೆ, ಪೊಟ್ಯಾಶಿಯಂ ಇಳಿದಾಗ ಡಿಗಾಕ್ಸಿನ್ನಿನ ವಿಷ ಬೇಗ ಏರುತ್ತದೆ.

ಕಾಲು ಬಾತಾಗ ಗಾಬರಿಗಿಂತ ತೂಕದ ಯಂತ್ರ ಹೆಚ್ಚು ಉಪಯೋಗ. ಬಿಪಿಯ ಗುಳಿಗಿ ಅಮ್ಲೊಡಿಪಿನ್ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ನೀರು ಸೋರಿ ಎರಡೂ ಗಿಣ್ಣು ಊದುತ್ತವೆ; ಅದು ಲಾಸಿಕ್ಸ್‌ಗೆ ಅಷ್ಟಾಗಿ ಇಳಿಯದು, ಡೋಸ್ ಅಥವಾ ಔಷಧ ಬದಲಿಸುವುದು ವೈದ್ಯರ ಕೆಲಸ. ಆದರೆ ಮೂರು ದಿನದಲ್ಲಿ 2 ಕಿಲೋ ಏರಿ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಹೃದಯವೇ ಸೋಲುತ್ತಿರಬಹುದು, ಅವತ್ತೇ ಆಸ್ಪತ್ರೆ ಸೇರಬೇಕು. ತೂಕ ನೋಡುವುದು ಮುಂಜಾನೆ, ಮೂತ್ರವಾದ ಮೇಲೆ, ಉಣ್ಣುವ ಮೊದಲು.

“ಬಿಪಿ ನಾರ್ಮಲ್ ಆತ್ರಿ ಸಿಸ್ಟರ್, ಗುಳಿಗಿ ಬಿಟ್ಟೇನ್ರಿ” ಎನ್ನುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಗುಳಿಗಿ ನುಂಗಿದ್ದಕ್ಕೇ ಅಂಕಿ ಇಳಿದದ್ದು. ಮೆಟೊಪ್ರೊಲಾಲ್ ಒಮ್ಮೆಲೇ ನಿಲ್ಲಿಸಿದರಂತೂ ಬಡಿತ ಜಿಗಿದು ಎದೆನೋವೇ ಬಂದೀತು.

ಊಟದಲ್ಲಿ ರೊಟ್ಟಿಯ ತಪ್ಪಿಲ್ಲ. ಪಕ್ಕದ ಉಪ್ಪಿನಕಾಯಿ, ಚಟ್ನಿಪುಡಿ, ಸಂಜೆಯ ಮಿರ್ಚಿ ಲೆಕ್ಕ ಕೆಡಿಸುತ್ತವೆ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚೆ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಮೈಯಲ್ಲಿ ಪೊಟ್ಯಾಶಿಯಂ ಉಳಿಸುವ ಬಿಪಿ ಗುಳಿಗಿ ಟೆಲ್ಮಿಸಾರ್ಟನ್ ತಗೊಳ್ಳುವವರು, ಕಿಡ್ನಿ ತೊಂದರೆ ಇದ್ದವರು ಕೇಳದೆ ಬಳಸಬಾರದು. ಮೊಣಕಾಲು ನೋವಿಗೆ ಡೈಕ್ಲೊಫೆನಾಕ್ ಕೂಡ ಬೇಡ, ಬಿಪಿ ಏರಿಸಿ ಕಿಡ್ನಿಗೆ ಹೊಡೆಯುತ್ತದೆ.

ಬೇಸಿಗೆಯಲ್ಲಿ ವಾಂತಿ-ಭೇದಿಯಾದಾಗ ಲಾಸಿಕ್ಸ್, ಟೆಲ್ಮಿಸಾರ್ಟನ್ ಮುಂದುವರಿಸುವ ಮೊದಲು ಫೋನ್ ಮಾಡಿ ಕೇಳಬೇಕು. ವಯಸ್ಸಾದವರಿಗೆ ಮಲಗಿದಾಗೊಮ್ಮೆ, ಎದ್ದು ನಿಂತ 1 ಮತ್ತು 3ನೇ ನಿಮಿಷಕ್ಕೊಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವರದಿ ಮಾಡಿ.

ಎದೆನೋವಿಗೆ ಬರೆದುಕೊಟ್ಟ ಸಾರ್ಬಿಟ್ರೇಟನ್ನು ಕೂಡ್ರಿಸಿಯೇ ನಾಲಿಗೆ ಕೆಳಗಿಡಬೇಕು, ನಿಂತಿದ್ದರೆ ಬಿದ್ದಾರು. ಮೇಲಿನ ಬಿಪಿ 90ಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಹಿಂದಿನ 24 ತಾಸಿನಲ್ಲಿ ಸಿಲ್ಡೆನಾಫಿಲ್ (ವಯಾಗ್ರದಂಥ ಲೈಂಗಿಕ ತೊಂದರೆಯ ಗುಳಿಗಿ) ತಗೊಂಡಿದ್ದರೆ ಅದೂ ಬೇಡ. ಸಂಕೋಚವಾದರೂ ಕೇಳಲೇಬೇಕು. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ, ಗುಳಿಗಿ ಚೀಟಿಯನ್ನು ರೋಗಿಯ ಜೊತೆಗೇ ಕಳಿಸಿ.