ಮದುವೆಯಾದ ಮಗಳು ಪಾಲು ಕೇಳಬಹುದೇ?

"ಮೇಡಂ, ಅಪ್ಪ ಹೋಗಿ ಬಹಳ ವರ್ಷ ಆಯ್ತು, ನನಗೂ ಮದುವೆ ಆಗಿದೆ. ಈಗಲೂ ಪಾಲು ಕೇಳಬಹುದಾ?" ವಿಭಾಗ ದಾವೆಗಳನ್ನು ನಡೆಸುವ ನನ್ನ ಕಚೇರಿಯಲ್ಲಿ ಹೆಣ್ಣುಮಕ್ಕಳು ಮೊದಲು ಕೇಳುವುದೇ ಇದನ್ನು. ಪಿತ್ರಾರ್ಜಿತ ಆಸ್ತಿ ಇನ್ನೂ ಪಾಲಾಗದೆ ಉಳಿದಿದ್ದರೆ ಖಂಡಿತ ಕೇಳಬಹುದು. ಇಷ್ಟು ಹೇಳುವಂತಾಗಲು ಸುಮಾರು ತೊಂಬತ್ತು ವರ್ಷ ಹಿಡಿಯಿತು.

ಮನೆ ಪಾಲಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಕೊಡಬೇಕೆಂದು ಮೈಸೂರು ಸಂಸ್ಥಾನ 1933ರಲ್ಲೇ ಕಾಯ್ದೆ ಮಾಡಿತ್ತು. ದೇಶದ ಮಟ್ಟದಲ್ಲಿ ಮದುವೆ, ಆಸ್ತಿ ಹಕ್ಕುಗಳ ಹಿಂದೂ ಕಾನೂನನ್ನು ತಿದ್ದಲು ಹೊರಟಿದ್ದ ಹಿಂದೂ ಸಂಹಿತೆ ಮಸೂದೆ ನೆನೆಗುದಿಗೆ ಬಿದ್ದಾಗ, 1951ರಲ್ಲಿ ಅಂಬೇಡ್ಕರ್ ಮಂತ್ರಿ ಪದವಿ ಬಿಡಲು ಅದೂ ಒಂದು ಮುಖ್ಯ ಕಾರಣವಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣಿನ ಕೈಯಲ್ಲಿದ್ದ ಆಸ್ತಿಗೆ ಆಕೆಯನ್ನೇ ಪೂರ್ಣ ಒಡತಿ ಮಾಡಿತು. ಅದು ಸಣ್ಣ ಮಾತಲ್ಲ. ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಲ್ಲೇ ಉಳಿಯಿತು.

ಲೆಕ್ಕ ಹಾಕಿ ನೋಡಿ. ನಾಲ್ಕು ಎಕರೆ ಪಿತ್ರಾರ್ಜಿತ ಜಮೀನು. ತಾಯಿ ಇಲ್ಲ, ಒಬ್ಬ ಮಗ, ಒಬ್ಬಳು ಮಗಳು. ಉಯಿಲು ಬರೆಯದೆ ತಂದೆ ತೀರಿಕೊಂಡರು. ಹಳೆಯ ನಿಯಮದಂತೆ ಮೊದಲು ತಂದೆಗೆ ಎರಡು, ಮಗನಿಗೆ ಎರಡು. ತಂದೆಯ ಎರಡೆಕರೆಯಲ್ಲಿ ಮಾತ್ರ ಮಗಳಿಗೆ ಅರ್ಧ. ಕೊನೆಗೆ ಅಣ್ಣನಿಗೆ ಮೂರು ಎಕರೆ, ತಂಗಿಗೆ ಒಂದು. ಈಗಿನ ಕಾನೂನಿನಲ್ಲಿ ಇಬ್ಬರಿಗೂ ಎರಡೆರಡು.

ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ತಂದಿತಾದರೂ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಲೇಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಎಷ್ಟೋ ಹೆಣ್ಣುಮಕ್ಕಳು ಮತ್ತೆ ಹೊರಗುಳಿದರು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಆ ದಿನ ಬದುಕಿರಬೇಕಿಲ್ಲ ಎಂದು 2020ರ ಆಗಸ್ಟ್ 11ರಂದು ಅದೇ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು.

2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆಗಿರುವ ವಿಭಾಗವನ್ನು ಕೆದಕುವಂತಿಲ್ಲ. "ಬಾಯಿಮಾತಿನಲ್ಲೇ ಪಾಲಾಗಿತ್ತು" ಎಂದರೆ ಮಾತ್ರ ಸಾಮಾನ್ಯವಾಗಿ ನಡೆಯುವುದಿಲ್ಲ. ಅಪ್ಪ ಸ್ವಂತ ದುಡಿದು ಕೊಂಡದ್ದನ್ನು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು.

ನನಗೆ ಹೆಚ್ಚು ಸಂಕಟವಾಗುವುದು ಉಪನೋಂದಣಿ ಕಚೇರಿಯ ಬಾಗಿಲಲ್ಲಿ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ ಕೊಟ್ಟು, ತವರು ತಪ್ಪಿಹೋದೀತೆಂಬ ಅಳುಕಿನಲ್ಲಿರುವ ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಖಾತೆ ಅಣ್ಣನ ಹೆಸರಿಗೆ ಆದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ನೀವೇ ಒಪ್ಪಿ ಸಹಿ ಮಾಡಿದ ಪತ್ರವನ್ನು ರದ್ದು ಮಾಡಿಸುವುದು ಬಹಳ ಕಷ್ಟ. ಪತ್ರದಲ್ಲಿ ಯಾವ ಯಾವ ಸರ್ವೆ ನಂಬರ್ ಇದೆ, ಮನೆಯೂ ಸೇರಿದೆಯೇ ಎಂಬುದನ್ನು ಸಹಿಗೆ ಮೊದಲೇ ಓದಿಸಿಕೊಳ್ಳಿ, ಒಂದು ಪ್ರತಿಯನ್ನು ಮನೆಗೆ ಒಯ್ದು ನಿಮ್ಮದೇ ವಕೀಲರಿಗೆ ತೋರಿಸಿ.